ನೀರು ಹೋಗುವ ಕಡೆ

ಮಳೆ ನಿಂತು ಮೂರು ದಿನವಾಗಿದ್ದರೂ ನಂಜೇಶನ ಕಿವಿಯೊಳಗೆ ಪೊರಕೆಯ ಸದ್ದು ನಿಂತಿರಲಿಲ್ಲ. ಹಲ್ಲುಜ್ಜುವಾಗ ಬ್ರಷ್ಷಿನಲ್ಲಿ ಅದೇ, ಹೆಂಡತಿ ಸರ್ವಮಂಗಳಾ ಮೊರದಲ್ಲಿ ಅಕ್ಕಿ ಕೇರುವಾಗ ಅದೇ, ಶಾಲೆಯ ಆಫೀಸಿನಲ್ಲಿ ಹಳೆಯ ಫ್ಯಾನು ತಿರುಗುವಾಗಲೂ ಅದೇ: ಎದುರು ಮನೆಯ ಮಾದಮ್ಮ ಗುರುವಾರ ಬೆಳಿಗ್ಗೆ ತನ್ನ ಮುಂದಿನ ಕೋಣೆಗೆ ನುಗ್ಗಿದ ಕೆಸರುನೀರನ್ನು ಕಡ್ಡಿಪೊರಕೆಯಲ್ಲಿ ಹೊರಕ್ಕೆ ನೂಕುತ್ತಿದ್ದ ಸದ್ದು. ನೂಕಿದ ನೀರು ಹೊಸಿಲು ದಾಟಿ, ಹೊಸ ಡಾಂಬರಿನ ಏರನ್ನು ಮುಟ್ಟಿ, ಏನನ್ನೋ ಮರೆತು ಬಂದವರ ಹಾಗೆ ಮತ್ತೆ ಒಳಕ್ಕೇ ಹೋಗುತ್ತಿತ್ತು. ಇವತ್ತು ಭಾನುವಾರ. ಒಂಬತ್ತು ಗಂಟೆಗೆ ಕಂಟ್ರಾಕ್ಟರ್ ಪುಟ್ಟಬಸವಯ್ಯ ಬರುತ್ತಾನೆ. ಮಾದಮ್ಮನ ಮಗಳು ರೋಜಾ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ನರ್ಸು, ನಿನ್ನೆ ಸಂಜೆ ಗೇಟಿನ ಆಚೆಯೇ ನಿಂತು ಹೇಳಿಹೋಗಿದ್ದಳು: “ಅಂಕಲ್, ರಸ್ತೆ ಮಾಡಿದವರಿಗೆ ನಾನೇ ಫೋನ್ ಮಾಡ್ದೆ. ನಾಳೆ ಒಂಬತ್ತಕ್ಕೆ ಬರ್ತಾರಂತೆ. ಕೆಲಸ ಕೊಟ್ಟವರು ಎದುರಿಗಿದ್ರೆ ಮಾತ್ರ ಮಾತಾಡ್ತೀನಿ ಅಂದ್ರು. ನೀವಿರ್ತೀರಲ್ಲ?” ಇರ್ತೀನಮ್ಮ ಅಂದಿದ್ದ. ಅಂದ ಮೇಲೆ, ಇರದಿರಲು ಎಲ್ಲಿಗೆ ಹೋಗಬಹುದೆಂದು ಒಬ್ಬೊಬ್ಬರೇ ನೆಂಟರನ್ನು ನೆನಪು ಮಾಡಿಕೊಂಡಿದ್ದ. ಕಳಲೆಯ ಅಕ್ಕನ ಮನೆ ಬಿಟ್ಟರೆ ಬೇರೆ ಎಲ್ಲಿಯೂ ಅವನು ಹೇಳದೆ ಕೇಳದೆ ಹೋಗಿ ಕೂರುವಂತಿರಲಿಲ್ಲ; ಅಲ್ಲಿಗೆ ಹೋದರೂ ಫೋನು ಹಿಂದೆಯೇ ಬರುತ್ತದೆ.

ಕಿಟಕಿಯ ಸರಳಿಗೆ ಸಿಕ್ಕಿಸಿದ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ. ಕನ್ನಡಿಯಲ್ಲಿ ಅರ್ಧ ಮುಖ, ಅದರ ಪಕ್ಕದ ಸಂದಿಯಲ್ಲಿ ಅರ್ಧ ಬೀದಿ. ಮಾದಮ್ಮನ ಮನೆಯ ಮುಂದಿನ ಗೋಡೆಯ ಉದ್ದಕ್ಕೂ ಕಟ್ಟಿದ ಹಗ್ಗದಲ್ಲಿ ನೀಲಿ ಬಟ್ಟೆ ಒಣಗುತ್ತಿತ್ತು. ಮೂರು ದಿನದಿಂದ ಒಣಗುತ್ತಲೇ ಇತ್ತು. ಅವನ ಶಾಲೆಯ ಮಕ್ಕಳದೇ ಯೂನಿಫಾರಂ. ಬದನವಾಳಿನ ಖಾದಿ ಕೇಂದ್ರದಲ್ಲಿ ಮೂವತ್ತು ವರ್ಷ ನೂತು, ಈಗ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಮಾದಮ್ಮ ಜೂನ್ ತಿಂಗಳಿಗೆಂದು ಕತ್ತರಿಸಿ, ಕಟ್ಟು ಕಟ್ಟಿ, ಗೋಡೆಗೆ ಒರಗಿಸಿಟ್ಟಿದ್ದ ತುಂಡುಗಳು. ಒಂದೊಂದರಲ್ಲೂ ಒಂದೇ ಎತ್ತರಕ್ಕೆ ಕೆಸರಿನ ಗೆರೆ, ಸ್ಕೇಲು ಇಟ್ಟು ಎಳೆದ ಹಾಗೆ. ಆ ಗೆರೆಗಳನ್ನು ಮೊದಲ ಸಲ ನೋಡಿದಾಗ ಅವನಿಗೆ ಮೊದಲು ಹೊಳೆದದ್ದು ಅಯ್ಯೋ ಪಾಪ ಎಂದಲ್ಲ. ಲೆವೆಲ್ಲು ಎಷ್ಟು ಚೊಕ್ಕವಾಗಿದೆ ಎಂದು. ಹೊಳೆದ ಮೇಲೆ, ಅದು ತನಗೇ ಹೊಳೆಯಿತೇ ಎಂದು ಹಿಂದೆ ತಿರುಗಿ ನೋಡಿದ್ದ, ಬೇರೆ ಯಾರಾದರೂ ಹೇಳಿದರೇನೋ ಎಂಬಂತೆ. ಇಪ್ಪತ್ತೇಳು ವರ್ಷದಿಂದ ಹೈಸ್ಕೂಲಿನ ಗುಮಾಸ್ತ ಅವನು. ಶಾಲೆ ಬಿಡುವ ಮಕ್ಕಳ ಪತ್ರದಲ್ಲಿ ‘ನಡತೆ: ತೃಪ್ತಿಕರ’ ಎಂದು ಬರೆದು ಬರೆದು, ಈಗ ಮುಖ ನೋಡದೆಯೇ ಬರೆಯಬಲ್ಲ. ಕನ್ನಡಿಯ ಅರ್ಧ ಮುಖಕ್ಕೂ ಅದನ್ನೇ ಬರೆದುಕೊಟ್ಟು ಕಳಿಸಿಬಿಟ್ಟರೆ ಆಯಿತು ಎಂದುಕೊಂಡ, ನಗು ಬರಲಿಲ್ಲ.

ಎಲ್ಲ ಆ ಹಪ್ಪಳದಿಂದ ಶುರುವಾದದ್ದು. ನಂಜನಗೂಡಿನ ಹೊರಗೆ, ಯಾರದೋ ಹೊಲ ಒಡೆದು ಮಾಡಿದ ಖಾಸಗಿ ಬಡಾವಣೆ. ಬೀದಿಗೆ ಡಾಂಬರು ಬೇಕೆಂದರೆ ಬೀದಿಯವರೇ ಮಾಡಿಸಿಕೊಳ್ಳಬೇಕು. ಮೂರು ವರ್ಷದ ಹಿಂದೆ ಹನ್ನೊಂದು ಮನೆಯವರು ಸೇರಿ, ಕಾಗದಪತ್ರ ಬಲ್ಲವನು ಎಂದು ಕಂಟ್ರಾಕ್ಟರನ್ನು ಹುಡುಕುವ ಕೆಲಸವನ್ನು ನಂಜೇಶನಿಗೆ ಒಪ್ಪಿಸಿದ್ದರು. ಅವನು ಹಿಡಿದು ತಂದ ಮನುಷ್ಯ ಬಿಳಿ ಶೂ ಹಾಕಿದ್ದ, ಫೋನಿನಲ್ಲಿ ಹೊಳೆಯುವ ರಸ್ತೆಗಳ ಫೋಟೋ ತೋರಿಸುತ್ತಿದ್ದ, ಮಾತಿಗೊಮ್ಮೆ ಗ್ಯಾರಂಟಿ ಅನ್ನುತ್ತಿದ್ದ. ದೂಳು ಗುಡಿಸಲಿಲ್ಲ, ಜಲ್ಲಿ ಕಚ್ಚಿಕೊಳ್ಳಲು ತಳಕ್ಕೆ ಟಾರೆಣ್ಣೆ ಹೊಡೆಯಲಿಲ್ಲ, ಕೋಳಿಗೆ ಕಾಳು ಎರಚಿದ ಹಾಗೆ ಜಲ್ಲಿ ಎರಚಿ ರೋಲರ್ ಓಡಿಸಿ ಹೋದ. ಮೊದಲ ಮಳೆಗೇ ರಸ್ತೆ ಹಪ್ಪಳದ ಹಾಗೆ ಎದ್ದಿತು. ಮಕ್ಕಳು ತುಂಡು ಎತ್ತಿ ಎಸೆದಾಡಿದರು. ಆಮೇಲೆ ಒಂದು ಗೃಹಪ್ರವೇಶದ ಪಂಕ್ತಿಯಲ್ಲಿ, ಬೀದಿಯ ಮೇಲುತುದಿಯ ಮನೆಯ ಗುರುಪ್ರಸಾದ್, ಬೀದಿಯ ಸಂಘಕ್ಕೆ ತಾನೇ ಅಧ್ಯಕ್ಷನೆಂದು ಹೇಳಿಕೊಂಡು ತಿರುಗುವವನು, ಬಡಿಸುವವನಿಗೆ ಕೂಗಿ ಹೇಳಿದ: “ನಂಜೇಶಪ್ನೋರ ಎಲೆಗೆ ಇನ್ನೆರಡು ಹಪ್ಪಳ ಹಾಕಪ್ಪೋ, ಅವರ ಕಂಪ್ನಿದೇ ಮಾಲು!” ಇಡೀ ಪಂಕ್ತಿ ನಕ್ಕಿತು. ಎದುರು ಸಾಲಿನಲ್ಲಿ ಸರ್ವಮಂಗಳಾ ಕೂಡ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಅವನು ಅದನ್ನು ನೋಡಿದ, ಅವನು ನೋಡಿದ್ದನ್ನು ಅವಳು ನೋಡಿದಳು. ಅವತ್ತಿನಿಂದ ಮನೆಯಲ್ಲಿ ಹಪ್ಪಳ ಕರಿಯುವುದೇ ನಿಂತಿತು. ಮಾದಮ್ಮ ಆ ಊಟಕ್ಕೆ ಬಂದಿರಲಿಲ್ಲ. ಕರೆದಿರಲಿಲ್ಲವೋ, ಕರೆದರೂ ಬರಲಿಲ್ಲವೋ, ಆಗ ಅವನಿಗೆ ಆ ಯೋಚನೆಯೇ ಬಂದಿರಲಿಲ್ಲ. ಈಗ ಬರುತ್ತಿದೆ, ಗಡ್ಡದ ನೊರೆಯಲ್ಲಿ, ಬೇಡದ ಹೊತ್ತಿನಲ್ಲಿ.

ಈ ವರ್ಷ ಮತ್ತೆ ರಸ್ತೆಯ ಮಾತು ಬಂದಾಗ ಗುರುಪ್ರಸಾದ್ “ಹುಡುಕೋದು ನಂಜೇಶಪ್ನೋರೇ ಹುಡುಕ್ಲಿ, ಹಪ್ಪಳದ ಪಾಪ ತೊಳ್ಕೊಳ್ಳಿ” ಅಂದ. ಎಲ್ಲರೂ ನಕ್ಕರು, ನಂಜೇಶನೂ ನಕ್ಕ, ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ನಿಂತಿದ್ದ. ಈ ಸಲ ಸೋತರೆ ಸಾಯುವ ತನಕ ಹಪ್ಪಳದ ನಂಜೇಶನೇ. ಎರಡು ತಿಂಗಳು ಹುಡುಕಿದ. ಬಾಯಿಮಾತು ನಂಬಲಿಲ್ಲ, ಫೋಟೋ ನಂಬಲಿಲ್ಲ. ರಸ್ತೆಗೆ ಮೂರು ಮಳೆಗಾಲವಾದರೂ ಆಗಿರಬೇಕು, ಮಾಡಿಸಿಕೊಂಡ ಮನೆಯವರನ್ನೇ ಕೇಳಬೇಕು, ಅದೂ ಕಂಟ್ರಾಕ್ಟರ್ ಎದುರಿಗಿಲ್ಲದಾಗ. ಹೀಗೆ ಒಂದು ಮಧ್ಯಾಹ್ನ ಸುತ್ತೂರಿನ ಮೇಲೆ ಹೋಗುವ ಬಸ್ಸು ಹತ್ತಿ, ಟಿ. ನರಸೀಪುರದ ಒಂದು ಗಲ್ಲಿಯಲ್ಲಿ ಇಳಿಬಿಸಿಲಿಗೆ ಕುಕ್ಕರುಗಾಲಲ್ಲಿ ಕುಳಿತು, ಡಾಂಬರಿನ ಅಂಚಿಗೆ ತನ್ನ ಮನೆಯ ಬೀಗದ ಕೈ ಚುಚ್ಚಿ ನೋಡಿದ. ಬೀಗದ ಕೈ ಬಾಗಿತು, ರಸ್ತೆ ಮಿಸುಕಲಿಲ್ಲ. “ಏನ್ ಸಾಮಿ, ನಮ್ ಬೀದೀಗೆ ಬೀಗ ತೆಗೀತಿದ್ದೀರಾ?” ಎಂದಳು ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಒಬ್ಬ ಮುದುಕಿ. ಚನ್ನಾಜಮ್ಮ ಎಂದು ಹೆಸರು. ಅವನಿಗೆ ಆ ಪ್ರಶ್ನೆಗಿಂತ ಅವಳ ಸಲೀಸು ಹೆಚ್ಚು ಹಿಡಿಸಿತು, ಜಗಲಿಯ ತುದಿಗೆ ಕುಳಿತ. “ಪುಟ್ಬಸವಯ್ಯ ಮಾಡಿದ್ದು ಕಣಪ್ಪ. ಕೆಲ್ಸ ಕೊಟ್ಟೋರು ಏಳ್ದಂಗೆ ಮಾಡ್ತನೆ. ಏಳ್ದೇ ಇದ್ದುದ್ನ ಮಾಡಕಿಲ್ಲ. ಕೆಲ್ಸಕ್ ಮುಂಚೆ ಬೀದಿಯೋರ್ನೆಲ್ಲ ನಿಲ್ಸಿ, ಕೆಲ್ಸ ಕೊಟ್ಟೋರ ಕೈಲಿ ನಡುಬೀದೀಗೆ ಒಂದ್ ಕೊಡ ನೀರು ಉಯ್ಯಿಸ್ತನೆ. ಈ ನೀರು ಎತ್ತಗ್ ಓಗ್ಬೇಕು, ಕೈ ತೋರ್ಸಿ ಅಂತನೆ. ಬಾಯಲ್ಲಿ ಏಳಂಗಿಲ್ಲ. ಬಾಯ್ಮಾತಾದ್ರೆ ನಾಳೀಕ್ ತಿರುಗ್ತದಂತೆ, ಕೈಯಾದ್ರೆ ಎಲ್ರೂ ನೋಡಿರ್ತರಂತೆ. ಆಮ್ಯಾಕೆ ಒಬ್ರೂ ಅವನ್ ಮ್ಯಾಲೆ ತಪ್ ಒರ್ಸಕ್ ಆಗಕಿಲ್ಲ ನೋಡು!”

ಇಂಥವನೇ ಬೇಕಾಗಿದ್ದದ್ದು ನಂಜೇಶನಿಗೆ. ಪುಟ್ಟಬಸವಯ್ಯ ಅದೇ ಊರಿನ ಒಂದು ಬಯಲಲ್ಲಿ ತನ್ನ ರೋಲರಿಗೆ ಗ್ರೀಸು ಹಚ್ಚುತ್ತ ಸಿಕ್ಕಿದ. ಐವತ್ತೈದರ ಗಟ್ಟಿ ಆಳು, ಉಗುರಿನ ತನಕ ಡಾಂಬರು. ನಂಜೇಶ ನೀವು ಎಂದೇ ಮಾತಿಗೆ ತೊಡಗಿದ. ಇದೇ ಊರೇ ಎಂದು ಕೇಳಿದ. “ಇಲ್ಲ ಸಾ, ನಿಮ್ ತಾಲ್ಲೂಕ್ನೋನೇ. ದೇವನೂರು.” “ಓಹೋ. ದೇವನೂರಲ್ಲಿ ಯಾರ ಪೈಕಿ?” ಪುಟ್ಟಬಸವಯ್ಯ ಗ್ರೀಸಿನ ಕೈಯನ್ನು ನಿಧಾನವಾಗಿ ಬಟ್ಟೆಗೆ ಒರೆಸಿಕೊಂಡು “ಕೆಲ್ಸದ ಪೈಕಿ ಸಾ” ಅಂದ. ಅಷ್ಟಕ್ಕೇ ನಂಜೇಶನಿಗೆ ತಿಳಿಯಿತು. ಮುಂದಿನ ಮಾತಿನಲ್ಲಿ ನೀವು ಎಂಬುದು ತನ್ನಷ್ಟಕ್ಕೆ ನೀನು ಆಗಿತ್ತು. ಆದದ್ದು ಗೊತ್ತಾಗಿ, ಈಗ ತಿದ್ದಿದರೆ ಇನ್ನೂ ಎದ್ದು ಕಾಣುತ್ತದೆಂದು ಹಾಗೆಯೇ ಬಿಟ್ಟ. ಪುಟ್ಟಬಸವಯ್ಯನೂ ಅದನ್ನು ಕೇಳಿಸಿಕೊಂಡ, ಕೇಳಿಸಿಕೊಂಡು ಜೇಬಿಗೆ ಹಾಕಿಕೊಂಡ ಹಾಗೆ ಕಂಡ. “ನಿಮ್ಮೂರ ಕಪಿಲೆ ಒಳೆ ಕೊನೀಗೆ ಈ ಊರ್ಗೇ ಬರ್ಬೇಕಲ್ವಾ ಸಾ. ನೀವು ಅಲ್ಲಿ ಏನ್ ತೊಳ್ದ್ರೂ ಇಲ್ಲಿ ನಮ್ಗೇ ಬತ್ತದೆ. ಅದ್ಕೇ ನಂಗೆ ಮೊದ್ಲು ನೀರಿನ್ ಮ್ಯಾಲೆ ಗ್ಯಾನ, ಆಮ್ಯಾಕೆ ಡಾಂಬರಿನ್ ಮ್ಯಾಲೆ” ಎಂದು ನಕ್ಕ.

“ಗಡ್ಡ ಹೆರೀತಿದ್ದೀರೋ ಗೋಡೆ ಕೆತ್ತಾ ಇದ್ದೀರೋ? ನೋಡಿ, ಕೊಯ್ಕೊಂಡಿದ್ದೀರಿ” ಎಂದಳು ಸರ್ವಮಂಗಳಾ, ಬಾಗಿಲಲ್ಲಿ ನಿಂತು. ಗದ್ದದ ನೊರೆಯಲ್ಲಿ ಒಂದು ಕೆಂಪು ಎಳೆ ಇಳಿಯುತ್ತಿತ್ತು. “ಆಚೆಗೇ ಹೋಗ್ಬೇಡಿ. ಕಳಲೆಗೆ ಹೋಗಿದ್ದಾರೆ ಅಂತ ನಾನು ಹೇಳ್ತೀನಿ.” “ಸ್ಕೂಟರ್ ಬಾಗಿಲಲ್ಲೇ ಇದೆಯಲ್ಲೇ.” “ಬಸ್ಸಲ್ಲಿ ಹೋದ್ರು ಅಂದ್ರಾಯ್ತು.” ಅವಳು ಹೋಗುತ್ತ ಹೋಗುತ್ತ ನಿಂತಳು. “ಏನಾದ್ರೂ ಮಾಡ್ಕೊಳ್ಳಿ. ಕಲ್ಲು ಮಾತ್ರ ಮುಟ್ಟೋಕೆ ಬಿಡ್ಬೇಡಿ, ಹೇಳಿದೀನಿ.”

ಕಲ್ಲೆಂದರೆ ಮಗಳು ಗಾನವಿಯ ಮದುವೆಯ ವರ್ಷ, ಅಳಿಯನ ಕಾರು ಸಲೀಸಾಗಿ ಹತ್ತಲೆಂದು ಗೇಟಿನಿಂದ ಬೀದಿಗೆ ಎರಡೂವರೆ ಅಡಿ ಚಾಚಿ ಹಾಸಿದ ಕಪ್ಪು ಗ್ರಾನೈಟು. ಸರ್ವಮಂಗಳಾ ಅದನ್ನು ದಿನಾ ಬೆಳಿಗ್ಗೆ ದೇವರ ಮಂಟಪದ ಹಾಗೆ ಒರೆಸುತ್ತಾಳೆ. ಕೆಲಸಕ್ಕೆ ಮುಂಚಿನ ಸಂಜೆ ಪುಟ್ಟಬಸವಯ್ಯ ಬಂದು, ನೀರು ತುಂಬಿದ ಉದ್ದನೆಯ ಟ್ಯೂಬು ಹಿಡಿದು ಬೀದಿಯ ಏರುತಗ್ಗು ನೋಡಿ, ಆ ಕಲ್ಲಿನ ಹತ್ತಿರ ಬಂದು ನಿಂತಿದ್ದ. “ಸಾ, ಈ ಬೀದಿ ನೀರು ಉಟ್ಟಿದ್ದೇ ನಿಮ್ಮನೆ ಕಡೀಕೆ. ನಿಮ್ದೇ ಒಂದ್ ಗೇಣು ತಗ್ಗು. ಮೋರಿ ಓಗೋ ಜಾಗ್ದಲ್ಲಿ ನಿಮ್ ಕಲ್ಲು ಕೂತದೆ. ಎರಡಡಿ ಕಿತ್ಕೊಟ್ರೆ, ಸಣ್ಣ ಮೋರಿ ತೆಗ್ದು ಮೂಲೇಲಿರೋ ದೊಡ್ ಮೋರೀಗೆ ಸೇರಿಸ್ತೀನಿ. ಯಾರ್ ಮನೇಗೂ ತೊಂದ್ರೆ ಇಲ್ಲ.” “ಕೀಳದಿದ್ರೆ?” “ಕೀಳ್ದಿದ್ರೆ ನಿಮ್ ಅಂಗಳಕ್ ಬತ್ತದೆ. ಇಲ್ಲಾಂದ್ರೆ ಈ ಕಡಿಂದ ಎತ್ತಿ ಆ ಕಡೀಕೆ ತಿರುಗ್ಸಬೇಕು.” ಆ ಕಡೆ ಎಂದರೆ ಮಾದಮ್ಮನ ಮನೆ, ಬಾಗಿಲ ಮೇಲೆ ಬುದ್ಧನ ಪಟ, ಹೊಸಿಲಿಗೆ ಅಂಟಿಕೊಂಡೇ ಬೀದಿ. “ಅಲ್ಲೊಂದು ಮೋರಿ ಮಾಡಿದ್ರಾಯ್ತಲ್ಲ.” “ಅಲ್ಲೆಲ್ಲಿ ಜಾಗ ಸಾ? ಗೋಡೆ ಬೀದಿಗೇ ಅದೆ. ನೀರು ಒಸ್ಲು ದಾಟ್ತದೆ.” ಅಷ್ಟು ಹೇಳಿ ಅವನು ಟ್ಯೂಬು ಸುತ್ತತೊಡಗಿದ. ಸರ್ವಮಂಗಳಾ ಕಾಫಿ ತಂದಳು, ಗಂಡನಿಗೆ ಸ್ಟೀಲು ಲೋಟದಲ್ಲಿ, ಅವನಿಗೆ ಪೇಪರ್ ಕಪ್ಪಿನಲ್ಲಿ. ಅವನು ಕುಡಿದು, ಕಪ್ಪನ್ನು ಮಡಿಚಿ ತನ್ನ ಜೇಬಿಗೇ ಇಟ್ಟುಕೊಂಡು, “ನಮ್ ಕಸ ನಮ್ಮತ್ರ ಇರ್ಲಿ ತಾಯಿ” ಅಂದ. ಆಮೇಲೆ ಬೈಕು ಹತ್ತುವಾಗ, “ನಾಳೆ ಬೆಳಿಗ್ಗೆ ಕೈ ತೋರ್ಸಿ ಸಾ. ನಂಗೆ ಎಲ್ಡೂ ಒಂದೇ. ತೋರ್ಸಿದ ಕಡೀಕೆ ಒಂದ್ ತೊಟ್ಟು ತಪ್ದಂಗೆ ಕಳಿಸ್ತೀನಿ.” ಗಂಡಹೆಂಡಿರು ಅವತ್ತು ಅದರ ಬಗ್ಗೆ ಮಾತಾಡಲೇ ಇಲ್ಲ. ಮಾತಾಡಿದ್ದರೆ ಯಾರಾದರೊಬ್ಬರು ಮಾದಮ್ಮನ ಹೆಸರು ಎತ್ತಬೇಕಾಗುತ್ತಿತ್ತು.

ಮಾರನೆಯ ಬೆಳಿಗ್ಗೆ ಬೀದಿಯವರೆಲ್ಲ ಬಂದು ನಿಂತರು. ಕೊಡ ಯಾರದು ಎಂಬ ಮಾತು ಬಂತು. “ಬೀದೀಲಿ ಇಡೋ ಕೊಡಕ್ಕೆ ನಮ್ಮದ್ಯಾಕೆ, ಮತ್ತೆ ಒಳಗೆ ತರಬೇಕಲ್ಲ” ಎಂದು ಪಿಸುಗುಟ್ಟಿದ ಸರ್ವಮಂಗಳಾ ದನಿ ಎತ್ತಿ, “ಮಾದಮ್ಮಾ, ಒಂದು ಕೊಡ ನೀರು ತಂದುಕೊಡ್ತೀರಾ?” ಎಂದು ಕೂಗಿದಳು. ಎದುರು ಬಾಗಿಲಿನಿಂದ ಮಾದಮ್ಮನ ಗಂಟಲು ಬೀದಿ ತುಂಬಿತು: “ಒಂಬತ್ ವರ್ಸಕ್ಕೆ ಇವತ್ ನಮ್ಮನೆ ನೀರು ಬೇಕಾಯ್ತಾ ನಿಮ್ಗೆ? ಕುಡಿಯಕ್ಕಲ್ದಿದ್ರೂ ಬೀದೀಗಾದ್ರೂ ಆಯ್ತಲ್ಲ ಬುಡಿ!” ಎಲ್ಲರಿಗಿಂತ ಹೆಚ್ಚು ಅವಳೇ ನಕ್ಕಳು. ನಕ್ಕವಳು ಒಳಗೆ ಹೋಗಿ, ಬೇಗ ಬರಲಿಲ್ಲ. ಬಂದಾಗ ಸೊಂಟದಲ್ಲಿ ಪ್ಲಾಸ್ಟಿಕ್ಕಿನದಲ್ಲ, ತಾಮ್ರದ ಕೊಡ. ಆಗಷ್ಟೇ ಉಜ್ಜಿ ಬೆಳಗಿದ್ದು ಹೊಳೆಯುತ್ತಿತ್ತು. ಅವಳು ಸೀರೆಯನ್ನೂ ಬದಲಾಯಿಸಿ ಬಂದಿದ್ದಳು. ನಂಜೇಶ ಕೊಡ ಇಸಿದುಕೊಂಡ, ಅವಳ ಕೈಗೆ ತಾಗದ ಹಾಗೆ ಅದರ ಕಂಠದ ಆಚೆ ತುದಿ ಹಿಡಿದು. ಇಷ್ಟು ವರ್ಷದ ಅಭ್ಯಾಸ, ಅವನು ಬೇಕೆಂದು ಮಾಡಿದ್ದಲ್ಲ. ನಡುಬೀದಿಗೆ ಸುರಿದ. ನೀರು ಒಂದು ಕ್ಷಣ ಯೋಚಿಸಿದ ಹಾಗೆ ನಿಂತು, ಆಮೇಲೆ ಮಣ್ಣಿನಲ್ಲಿ ದಾರಿ ಮಾಡಿಕೊಂಡು ಸೀದಾ ಅವನ ಕಪ್ಪು ಕಲ್ಲಿಗೆ ಬಂದು ಮುಟ್ಟಿತು. “ನೋಡ್ರಪ್ಪ ಎಲ್ರೂ. ಈಗ ಇಂಗ್ ಓಯ್ತದೆ. ಇಂಗೇ ಬುಡ್ಲಾ ತಿರುಗ್ಸಲಾ? ಕೈ ತೋರ್ಸಿ ಸಾ.” ಗುರುಪ್ರಸಾದ್ ಹಿಂದಿನಿಂದ “ಎಲ್ಲಾದ್ರೂ ಹೋಗ್ಲಿ ಮಾರಾಯ, ಟೀ ಆರೋಗುತ್ತೆ” ಅಂದ. ನಂಜೇಶನ ಕೈ ಎದ್ದಿತು. ಎದುರು ಬಾಗಿಲ ಕಡೆಗೆ, ಬಾಗಿಲಲ್ಲಿ ನಿಂತಿದ್ದ ಮಾದಮ್ಮನ ಕಡೆಗೆ. ಅವಳು, ನೀರು ಕೊಟ್ಟವರು ಇವರೇ ಎಂದು ತನ್ನನ್ನು ತೋರಿಸುತ್ತಿದ್ದಾನೆಂದುಕೊಂಡು, ಹೊಸ ಮನುಷ್ಯನಿಗೆ ನಗುತ್ತ ಕೈಮುಗಿದಳು. ಪುಟ್ಟಬಸವಯ್ಯ ಅವಳನ್ನು ನೋಡಿದ, ಬುದ್ಧನ ಪಟ ನೋಡಿದ, ಮತ್ತೆ ನಂಜೇಶನ ಕಡೆಗೆ ತಿರುಗಿದ. “ಸರ್ಯಾಗ್ ಕಾಣ್ಲಿಲ್ಲ. ಇನ್ನೊಂದ್ಸತಿ ತೋರ್ಸಿ ಸಾ.” ಕೈ ಇಳಿದಿತ್ತು. ಇಳಿದಿದ್ದ ಕೈಯನ್ನು ನಂಜೇಶ ಮತ್ತೆ ಎತ್ತಿದ. ಮೊದಲನೆಯದು ಭಯಕ್ಕೆ ಎದ್ದದ್ದು ಎನ್ನಬಹುದು. ಎರಡನೆಯ ಸಲ ಎತ್ತಿದವನು ಅವನೇ.

ಕೆಲಸ ಮಾತ್ರ ಕಣ್ಣಿಗೆ ಕಟ್ಟುವಂತಿತ್ತು. ದೂಳು ಗುಡಿಸಿ, ಗಾಳಿ ಹೊಡೆದು, ಮತ್ತೆ ಗುಡಿಸಿದರು. ಕಂದು ಬಣ್ಣದ ಟಾರೆಣ್ಣೆ ಹೊಡೆದು ಅದು ಆರಿ ಕಪ್ಪಾಗುವ ತನಕ ಕಾದರು. ಟಾರ್ಪಾಲು ಹೊದಿಸಿಕೊಂಡು ಬಂದ ಲಾರಿಯ ಹಿಂಬಾಗಿಲು ತೆಗೆದರೆ ಬಿಸಿಬೇಳೆಭಾತಿನ ಹಾಗೆ ಹೊಗೆಯಾಡುವ ಮಾಲು. ಪುಟ್ಟಬಸವಯ್ಯ ಕೈಯಲ್ಲಿ ಒಂದು ಚಿಟಿಕೆ ಹಿಡಿದು ನೋಡಿ ಮೊದಲನೇ ಲಾರಿಯನ್ನು ವಾಪಸ್ಸೇ ಕಳಿಸಿದ, ತಣಿದಿದೆ ಎಂದು. ಅದನ್ನು ನೋಡಿ ನಂಜೇಶನ ಕಣ್ಣಲ್ಲಿ ನೀರಾಡಿತು. ಜೀವನದಲ್ಲಿ ಮೊದಲ ಸಲ ಅವನು ನಂಬಿದವನು ನಂಬಿಕೆಗೆ ತಕ್ಕವನಾಗಿದ್ದ. ಮಧ್ಯಾಹ್ನ ಆಳುಗಳಿಗೆಲ್ಲ ಮಾದಮ್ಮ ಮಜ್ಜಿಗೆ ಕೊಟ್ಟಳು. ಪುಟ್ಟಬಸವಯ್ಯ ಅವಳ ಬಾಗಿಲಲ್ಲೇ ಕುಳಿತು ಲೋಟದಲ್ಲಿ ಕುಡಿದ. ಯಾವೂರವ್ವ, ನಿಮ್ಮ ತವರು ಯಾವುದು ಎಂದೆಲ್ಲ ಮಾತು ಕೇಳಿಸಿತು, ಅವಳ ಚಿಕ್ಕಮ್ಮನನ್ನು ದೇವನೂರಿಗೇ ಕೊಟ್ಟಿತ್ತಂತೆ. ಕಿಟಕಿಯ ಹಿಂದೆ ನಿಂತು ಕೇಳುತ್ತಿದ್ದ ನಂಜೇಶ ಸರಳಿಗೆ ಕಿವಿ ಒತ್ತಿದ. ಈಗ ಹೇಳುತ್ತಾನೆ, ಈಗ ಹೇಳುತ್ತಾನೆ. ಅಥವಾ ಹೇಳದೆಯೇ, ಒಂದು ಬೆರಳಿನಷ್ಟು ಇಳಿಜಾರನ್ನು ಅವಳಿಗೆ ಬಿಟ್ಟುಕೊಡುತ್ತಾನೆ. ಮಾರನೆಯ ಬೆಳಿಗ್ಗೆ ಯಾರೂ ಏಳುವ ಮುಂಚೆ ಸ್ನಾನದ ಚೊಂಬು ಹಿಡಿದು ಬೀದಿಗೆ ಹೋಗಿ ಸುರಿದು ನೋಡಿದ. ನೀರು, ಕರೆದರೆ ಓಡುವ ಮಗುವಿನ ಹಾಗೆ, ಎದುರು ಹೊಸಿಲಿಗೆ ಓಡಿತು. ಮನುಷ್ಯ ಹೇಳಿದಂತೆ ನಡೆದಿದ್ದ. ಅವತ್ತು ಬಹಳ ದಿನದ ಮೇಲೆ ನಂಜೇಶ ಹೆಂಡತಿಗೆ, ಸಂಡಿಗೆ ಡಬ್ಬಿಯ ಕೆಳಗೆ ಹಪ್ಪಳ ಇದ್ದರೆ ಎರಡು ಕರಿ ಅಂದ.

ಆಮೇಲೆ ಬುಧವಾರದ ಮಳೆ. ಮಾರನೆಯ ದಿನ ಗುರುಪ್ರಸಾದ್ ಬೀದಿಯ ವಾಟ್ಸಾಪಿನಲ್ಲಿ, “ರೋಡ್ ಅಂದ್ರೆ ಇದು! ಒಂದು ತೊಟ್ಟು ನಿಂತಿಲ್ಲ. ನಂಜೇಶಣ್ಣನಿಗೆ ಜೈ” ಎಂದು ಬರೆದ. ಹೊಳೆಯುವ ಕಪ್ಪು ರಸ್ತೆಯ ಫೋಟೋ. ಫೋಟೋದ ಬಲ ಅಂಚಿನಲ್ಲಿ ಅರ್ಧ ಪೊರಕೆ, ಅದನ್ನು ಹಿಡಿದ ಒಂದು ಕೈ, ಮಂಡಿಯ ತನಕ ಎತ್ತಿ ಕಟ್ಟಿದ ಸೀರೆ. ನಂಜೇಶ ಆ ಅಂಚನ್ನು ಕತ್ತರಿಸಿ, ಉಳಿದದ್ದನ್ನು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡಿದ್ದ. ನಲವತ್ತೊಂದು ಜನ ನೋಡಿದ್ದರು. ಅವರಲ್ಲಿ ರೋಜಾ ಒಬ್ಬಳು.

ಬೈಕಿನ ಸದ್ದು ಕೇಳಿತು. ಪುಟ್ಟಬಸವಯ್ಯ ಒಂಬತ್ತಕ್ಕೆ ಐದು ನಿಮಿಷ ಮುಂಚೆಯೇ ಬಂದಿದ್ದ, ಬರದೆ ಇದ್ದಾನೆಯೇ. ಸರ್ವಮಂಗಳಾ ಗೇಟಿಗೆ ಹೋಗಿ ಕಳಲೆ ಅನ್ನುವಷ್ಟರಲ್ಲಿ ಮಾದಮ್ಮ ಆಚೆಯಿಂದಲೇ, “ಕಿಟ್ಕೀಲಿ ಗಡ್ಡ ಕಂಡ್ತಲ್ಲವ್ವ, ಅದ್ಯಾರ್ದು?” ಅಂದಳು. ಯಾರೋ ನಕ್ಕರು. ನಂಜೇಶ ಒಂದು ಕೆನ್ನೆಯ ನೊರೆ ಒರೆಸಿಕೊಂಡು, ಬನಿಯನ್ನಿನಲ್ಲೇ ಆಚೆಗೆ ಬಂದ. ಆರೇಳು ಜನ ಆಗಲೇ ಸೇರಿದ್ದರು, ಗುರುಪ್ರಸಾದ್ ಟೀ ಲೋಟ ಹಿಡಿದೇ ಬಂದಿದ್ದ. ರೋಜಾ ಪುಟ್ಟಬಸವಯ್ಯನನ್ನು ಒಳಗೆ ಕರೆದುಕೊಂಡು ಹೋಗಿ ಕೋಣೆ, ಗೋಡೆ, ತುಕ್ಕು ಹಿಡಿಯುತ್ತಿದ್ದ ಯಂತ್ರ, ಎಲ್ಲ ತೋರಿಸಿ ಕರೆತಂದಳು. “ಇಲ್ಲಿ ನೀರು ಬರುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?” “ಗೊತ್ತಿತ್ತು ಕಣವ್ವ.” “ಗೊತ್ತಿದ್ದೂ ಮಾಡಿದ್ರಾ? ನಮ್ಮನೇಲಿ ಮಜ್ಜಿಗೆ ಕುಡ್ಕೊಂಡು?” “ಗೊತ್ತಿದ್ದೇ ಮಾಡಿದ್ದು. ಗೊತ್ತಿಲ್ದೆ ಮಾಡೋರ ಕೆಲ್ಸನ ಓದ್ಸತಿ ನೋಡಿದ್ದೀರಲ್ಲ, ಅಪ್ಪಳ.” ಅವನ ಮುಖದಲ್ಲಿ ನಾಚಿಕೆಯೂ ಇರಲಿಲ್ಲ, ಜಂಬವೂ ಇರಲಿಲ್ಲ. “ನಂಗೆ ಕೆಲ್ಸ ಕೊಟ್ಟೋರು ಕೈ ತೋರ್ಸುದ್ರು. ಎಲ್ರೂ ಇಲ್ಲೇ ನಿಂತಿದ್ರಿ. ನಿಮ್ಮವ್ವ ಕೈನೂ ಮುಗುದ್ರು.”

ಮಾದಮ್ಮ ಒಳಗೆ ಹೋಗಿ ಅದೇ ತಾಮ್ರದ ಕೊಡ ತುಂಬಿಕೊಂಡು ಬಂದಳು. ಈ ಸಲ ಉಜ್ಜಿರಲಿಲ್ಲ. ನಂಜೇಶನ ಎದುರಿಗೆ ಹಿಡಿದು, “ನೀವೇ ಉಯ್ಯಿ ಸಾ. ನೀರ್ಗೆ ನಿಮ್ ಕೈ ಗುರ್ತು ಅದೆ” ಅಂದಳು. ಎರಡು ಕೈಯಲ್ಲೂ ಇಸಿದುಕೊಂಡ. ಅವಳು ಬಿಡಲಿಲ್ಲ, ಅವನ ಬೆರಳು ಅವಳ ಬೆರಳ ಮೇಲೆ ಸರಿಯಾಗಿ ಕೂರುವ ತನಕ ಹಿಡಿದಿದ್ದು ಆಮೇಲೆ ಬಿಟ್ಟಳು. ಅವನು ಸುರಿದ. ನೀರು ಡಾಂಬರಿನ ಮೇಲೆ ಅತ್ತ ಇತ್ತ ಹೊರಳದೆ, ಒಂದು ಹಗ್ಗ ಬಿಚ್ಚಿದ ಹಾಗೆ, ಮಾದಮ್ಮನ ಹೊಸಿಲಿಗೆ ಹೋಗಿ ಕಟ್ಟಿಕೊಂಡಿತು. “ಆಹಾ, ಏನ್ ಲೆವೆಲ್ಲಪ್ಪಾ!” ಎಂದ ಗುರುಪ್ರಸಾದ್. ಅಂದ ಮೇಲೆ ಅವನಿಗೂ ಏನೋ ಅನ್ನಿಸಿ ಟೀ ಕುಡಿದ.

“ಅವತ್ತಿನ್ ಮಾತೇ ಇವತ್ತೂ ಸಾ” ಎಂದ ಪುಟ್ಟಬಸವಯ್ಯ. “ನಿಮ್ ಕಲ್ಲು ಎರಡಡಿ ಕಿತ್ರೆ ನಾಳೀಕೇ ಮೋರಿ ತೆಗೀತೀನಿ. ಇವ್ರ ಕಡೆ ಅಂಚು ಎತ್ತಿ ಈ ಕಡೀಕೆ ತಿರುಗಿಸ್ತೀನಿ. ನಂಗೇನೂ ಕೊಡ್ಬ್ಯಾಡಿ. ಕೈ ತೋರ್ಸಿ, ಸಾಕು.”

ಇಷ್ಟೇ. ಎಲ್ಲರೂ ಅವನ ಕೈ ನೋಡುತ್ತಿದ್ದರು. ಗೇಟಿನ ಮುಂದೆ ಸರ್ವಮಂಗಳಾ ಒದ್ದೆ ಬಟ್ಟೆಯಿಂದ ಕಲ್ಲು ಒರೆಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು. ತೋರಿಸಬಹುದು ಎಂದುಕೊಂಡ ನಂಜೇಶ. ತೋರಿಸಿದರೆ ಕಲ್ಲು ಹೋಗುತ್ತದೆ, ಹೋಗಲಿ. ಆದರೆ ಅದರ ಜೊತೆಗೆ, ಅವತ್ತು ತೋರಿಸಿದ್ದು ತಪ್ಪು ಎಂದೂ, ಎರಡು ಸಲ ತೋರಿಸಿದೆ ಎಂದೂ, ಗೊತ್ತಿದ್ದೇ ತೋರಿಸಿದೆ ಎಂದೂ ಇವರೆಲ್ಲರ ಎದುರಿಗೆ ಈ ಕೈಯೇ ಹೇಳಿದಂತಾಗುತ್ತದೆ. ಹಪ್ಪಳಕ್ಕಾದರೆ ನಕ್ಕಿದ್ದರು. ಇದಕ್ಕೆ ನಗುವುದೂ ಇಲ್ಲ. ಅವನ ಎರಡು ಕೈಯಲ್ಲೂ ಬರಿಗೊಡ ಇತ್ತು. ಅದು ಇರುವ ತನಕ ಕೈ ಎತ್ತುವಂತಿಲ್ಲ ಎಂಬುದು ಅವನಿಗೆ ತಟ್ಟನೆ ಹೊಳೆಯಿತು. ಕೊಡವನ್ನು ಇನ್ನಷ್ಟು ಎದೆಗೆ ಒತ್ತಿ ಹಿಡಿದ.

“ಕೊಡ ಕೆಳೀಕ್ ಇಡಿ ಸಾ” ಎಂದಳು ಮಾದಮ್ಮ, ಮೆತ್ತಗೆ.

ಇಡಲಿಲ್ಲ. ಕೆನ್ನೆಯ ಮೇಲೆ ಉಳಿದ ನೊರೆ ಒಣಗಿ ಚರ್ಮ ಎಳೆಯುತ್ತಿತ್ತು. ಕೊಡದ ತಳದಿಂದ ಒಂದೊಂದೇ ಹನಿ ಅವನ ಪಾದದ ಮೇಲೆ ಬೀಳುತ್ತಿತ್ತು. “ಅಂಕಲ್, ಏನಾದ್ರೂ ಹೇಳಿ” ಎಂದಳು ರೋಜಾ. ಅವನು ಕೊಡದ ಬಾಯೊಳಗೆ ನೋಡಿದ, ಅಲ್ಲಿ ಹೇಳುವ ಮಾತು ಬಿದ್ದಿದೆಯೇನೋ ಎಂಬಂತೆ. “ಏ, ಭಾನುವಾರ ಬೆಳಿಗ್ಗೇನೇ ಪಂಚಾಯ್ತಿ ಯಾಕ್ರೀ, ಹೊಸಿಲಿಗೆ ಒಂದು ಇಟ್ಟಿಗೆ ಇಟ್ಕೊಂಡ್ರಾಯ್ತು” ಎಂದು ಗುರುಪ್ರಸಾದ್ ಹೊರಟ. ಅವನ ಹಿಂದೆ ಇನ್ನಿಬ್ಬರು. ಆಮೇಲೆ ಉಳಿದವರು, ಒಬ್ಬರ ಮುಖ ಒಬ್ಬರು ನೋಡದೆ. ಪುಟ್ಟಬಸವಯ್ಯ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತ. ಬೈಕಿಗೆ ಒರಗಿಕೊಂಡು, ಡಾಂಬರು ಆರಲು ಕಾಯುವವನ ತಾಳ್ಮೆಯಲ್ಲಿ. ಕೊನೆಗೆ “ನಂಗೆ ಕೈ ಕಾಣ್ಲಿಲ್ಲ ಕಣವ್ವ” ಎಂದು ಮಾದಮ್ಮನಿಗೆ ಹೇಳಿ ಬೈಕು ಒದ್ದು ಹೋದ. ರೋಜಾ “ಬಾವ್ವ ಒಳಕ್ಕೆ, ಆ ಮನುಷ್ಯನ್ನ ನೋಡ್ತಾ ಏನ್ ನಿಂತಿದ್ದೀಯ” ಎಂದು ಒಳಗೆ ಹೋದಳು.

ಮಾದಮ್ಮ ಹೋಗಲಿಲ್ಲ. “ನಮ್ ಕೊಡ ಕೊಡಿ ಸಾ” ಅಂದಳು. “ನಲ್ಲೀಲಿ ನೀರ್ ಬರೋ ಒತ್ತಾಯ್ತು.”

ಕೊಟ್ಟ. ಅವಳು ಕೊಡವನ್ನು ಬೋರಲು ಹಿಡಿದು ಒಮ್ಮೆ ಕೊಡವಿದಳು. ಉಳಿದ ನಾಲ್ಕು ಹನಿ ಡಾಂಬರಿಗೆ ಬಿದ್ದು, ದಾರಿ ಗೊತ್ತಿದ್ದವರ ಹಾಗೆ ಅವಳ ಮನೆಯ ಕಡೆಗೇ ಹೊರಟವು. ಅವುಗಳ ಹಿಂದೆಯೇ ಅವಳೂ ಹೊರಟಳು, ಬೆನ್ನು ತಿರುಗಿಸಿ, ಕೊಡ ಸೊಂಟಕ್ಕೆ ಇಟ್ಟುಕೊಂಡು.

ಆಗ ನಂಜೇಶನ ಬಲಗೈ ಮೇಲೆದ್ದಿತು. ಭುಜದ ಎತ್ತರಕ್ಕೆ ಎದ್ದು, ಬೆರಳು ಚಾಚಿ, ಸ್ಪಷ್ಟವಾಗಿ, ಯಾರೂ ಇನ್ನೊಂದು ಸಲ ಕೇಳಬೇಕಾಗದಷ್ಟು ಸ್ಪಷ್ಟವಾಗಿ, ತನ್ನ ಗೇಟಿನ ಕಡೆಗೆ ತೋರಿಸಿತು. ಮಾದಮ್ಮನ ಬೆನ್ನು ಬುದ್ಧನ ಪಟದ ಕೆಳಗೆ ಬಗ್ಗಿ ಒಳಗಾಯಿತು, ಬಾಗಿಲು ಮುಚ್ಚಿತು. ಕೈಯನ್ನು ಹಾಗೆಯೇ ಹಿಡಿದುಕೊಂಡು ಅವನು ಬೀದಿಯ ಮೇಲುತುದಿ ನೋಡಿದ, ಕೆಳತುದಿ ನೋಡಿದ, ಸರ್ವಮಂಗಳಾ ನಿಂತಿದ್ದ ಜಾಗ ನೋಡಿದ. ಅವಳೂ ಒಳಗೆ ಹೋಗಿದ್ದಳು. ಒಬ್ಬರೂ ನೋಡಿರಲಿಲ್ಲ. ಸದ್ಯ, ಎಂದು ಉಸಿರು ಬಿಟ್ಟು, ಕೈ ಇಳಿಸಿ, ಲುಂಗಿಗೆ ಒರೆಸಿಕೊಂಡು, ಚಪ್ಪಲಿ ಬಿಟ್ಟು ಗ್ರಾನೈಟಿನ ಮೇಲೆ ಕಾಲಿಟ್ಟ. ಬಿಸಿಲಿಗೆ ಕಲ್ಲು ಆಗಲೇ ಬೆಚ್ಚಗಾಗಿತ್ತು. ಒಂದು ಹನಿ ನೀರೂ ಬಿದ್ದಿರಲಿಲ್ಲ.